ಸಾವಕಾಶ ಮಲ್ಲಯ್ಯ

ನಮ್ಮ ಕಡೆ ಯಾರಾದರೂ “ಮಲ್ಲಯ್ಯಗ ಹೊಂಟೀನಿ” ಅಂದರೆ ಎಲ್ಲಿಗೆ, ಯಾವ ಬಸ್ಸಿಗೆ ಎಂದು ಯಾರೂ ಕೇಳುವುದಿಲ್ಲ. ಶ್ರೀಶೈಲಕ್ಕೆ, ನಡೆದು. ಕೇಳುವ ಪ್ರಶ್ನೆ ಒಂದೇ: “ಎಷ್ಟ ದಿನದಾಗ ಮುಟ್ಟತೀರಿ?”

ಇದಕ್ಕೆ ಉತ್ತರ ಕೊಡುವುದರಲ್ಲಿ ಒಂದು ಗತ್ತಿದೆ. “ಒಂಬತ್ತು” ಅಂದವನಿಗೆ ಕಟ್ಟೆಯ ಮೇಲೆ ಸರಿದು ಜಾಗ ಬಿಡುತ್ತಾರೆ. “ಎಂಟು” ಅಂದವನಿಗೆ ಚಹಾ ತರಿಸುತ್ತಾರೆ. ನಮ್ಮ ಸಾಹುಕಾರ “ಹದಿಮೂರು” ಅಂದಾಗ, ದೋರನಹಳ್ಳಿಯ ಕಟ್ಟೆಯ ಮೇಲಿದ್ದ ಮುತ್ಯಾ ಒಬ್ಬರು ಎದ್ದು ಹೋಗಿ ಬಾಯೊಳಗಿನ ತಂಬಾಕು ಉಗುಳಿ ಬಂದು, “ಹೋಗೋದು ಬರೋದು ಎರಡೂ ಸೇರಿ ಏನು?” ಎಂದು ಕೇಳಿದರು.

ನಾವು ನಾಲ್ವರು. ಸಾಹುಕಾರ ಅಂದರೆ ಹೆಸರಿಗೆ ಸಾಹುಕಾರ. ಕಿರಾಣಿ ಅಂಗಡಿಯಲ್ಲಿ ಉದ್ರಿ ಕೊಟ್ಟು ಕೊಟ್ಟು ಆ ಬಿರುದು ಗಳಿಸಿದವನು. ಎರಡನೆಯವರು ನಿವೃತ್ತ ಮಾಸ್ತರ್. ಹೊರಡುವ ತಿಂಗಳು ಮೊದಲೇ ನೋಟ್‌ಬುಕ್ಕಿನಲ್ಲಿ ಗೆರೆ ಹೊಡೆದು ಯಾವ ದಿನ ಎಷ್ಟು ಕಿಲೋಮೀಟರು, ಎಲ್ಲಿ ಊಟ, ಎಲ್ಲಿ ಜಳಕ ಎಂದು ಬರೆದಿಟ್ಟವರು. ಮೂರನೆಯವ ಟೇಲರ್. ಮೂವತ್ತು ವರ್ಷ ಹೊಲಿಗೆ ಯಂತ್ರ ತುಳಿದ ತಾನು ಕೂತಲ್ಲೇ ಕಾಶಿಗೆ ನಾಲ್ಕು ಸಲ ಹೋಗಿ ಬರುವಷ್ಟು ಕಾಲಾಡಿಸಿದ್ದೇನೆ ಎಂಬುದು ಅವನ ವಾದ. ನಾಲ್ಕನೆಯವ ನಾನು, ಕಚೇರಿ ಕುರ್ಚಿಯಲ್ಲಿ ಕೂತು ಅಷ್ಟೇ ವರ್ಷ ಸವೆಸಿದವನು. ನನ್ನ ಕಾಲಿನ ಬಗ್ಗೆ ವಾದ ಮಾಡಲು ಏನೂ ಇರಲಿಲ್ಲ.

ನಮಗೆ ಮೊದಲೂ ಅನುಭವ ಇತ್ತು. ಒಬ್ಬೊಬ್ಬರೂ ಒಂದೊಂದು ವರ್ಷ ಊರ ಜನರ ಜೊತೆ ಹೊರಟವರೇ. ಆ ನಡಿಗೆ ಹೇಗಿರುತ್ತದೆಂದರೆ, ಮೊದಲ ದಿನ ನಲವತ್ತು ಜನ ಒಟ್ಟಿಗೆ, ಮೂರನೆಯ ದಿನ ಹತ್ತತ್ತು ಜನರ ನಾಲ್ಕು ಗುಂಪು, ಆರನೆಯ ದಿನ ನೀನು ಮತ್ತು ನಿನ್ನ ನೋಯುವ ಮೊಣಕಾಲು. ಮುಂದೆ ಹೋದವರು ಒಂದು ಗಿಡದ ಕೆಳಗೆ ಕೂತು ದಾರಿ ಕಾಯುತ್ತಾರೆ, ನೀನು ಏದುಸಿರು ಬಿಡುತ್ತ ಅವರನ್ನು ಮುಟ್ಟಿದ ಕೂಡಲೇ “ಬಂದ್ಯಾ? ನಡೀರಿ ಮತ್ತ” ಎಂದು ಎದ್ದು ಹೊರಡುತ್ತಾರೆ. ಅವರಿಗೆ ವಿಶ್ರಾಂತಿ ಆಗಿದೆ, ನಿನಗೆ ಇಲ್ಲ. ಹಿಂದುಳಿದವನಿಗೇ ಕಡಿಮೆ ವಿಶ್ರಾಂತಿ ಸಿಗುವ ಈ ಪದ್ಧತಿಯನ್ನು ಯಾರು ಕಂಡುಹಿಡಿದರೋ, ಮಲ್ಲಯ್ಯನೇ ಅವರನ್ನು ನೋಡಿಕೊಳ್ಳಲಿ.

ಅದಕ್ಕೇ ಟೇಲರ್ ಅಂಗಡಿಯಲ್ಲಿ ಒಂದು ರಾತ್ರಿ ಕೂತು ಕಾಯಿದೆ ಮಾಡಿದೆವು: ಯಾರ ಕಾಲು ಮೊದಲು ನೋಯುತ್ತದೋ ಅವನೇ ಮುಖಂಡ. ಅವನು ಮುಂದೆ, ಉಳಿದವರು ಹಿಂದೆ. ಅವನನ್ನು ದಾಟಿ ಒಂದು ಹೆಜ್ಜೆ ಇಡುವಂತಿಲ್ಲ. ಅವನು ಕೂತರೆ ಕೂಡಬೇಕು, ಎದ್ದರೆ ಏಳಬೇಕು. ಸಾಹುಕಾರನ ಹೊಟ್ಟೆ ನೋಡಿ ಮುಖಂಡ ಯಾರಾಗುತ್ತಾನೆಂದು ನಮ್ಮೆಲ್ಲರಿಗೂ ಗೊತ್ತಿತ್ತು. ಅವನಿಗೂ ಗೊತ್ತಿತ್ತು. ಕೈಯಲ್ಲಿದ್ದ ಚುರುಮುರಿ ಬಾಯಿಗೆ ಎಸೆದುಕೊಂಡು, “ನಿಮ್ಮೆಲ್ಲರ ಆಶೀರ್ವಾದ” ಅಂದ.

2023ರ ಯುಗಾದಿ ಮಾರ್ಚ್ 22ಕ್ಕೆ. ನಾವು ಹೋಳಿ ಹುಣ್ಣಿಮೆ ದಾಟಿಸಿ, ಕೆನ್ನೆಯ ಬಣ್ಣ ಪೂರ್ತಿ ಹೋಗುವ ಮೊದಲೇ, 9ರ ಗುರುವಾರ ನಸುಕಿನಲ್ಲಿ ಹೊರಟೆವು. ಗಂಟಿನಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಅಗಸಿ ಹಿಂಡಿ, ಒಂದು ಚಾದರ, ಎರಡು ಟಾವೆಲ್, ಕಾಲುನೋವಿನ ಮುಲಾಮು.

ದೋರನಹಳ್ಳಿ ಇರುವುದು ಯಾದಗಿರಿ–ಶಹಾಪುರ ರಸ್ತೆಯ ಮೇಲೆ. ಶ್ರೀಶೈಲ ನಮಗೆ ಪೂರ್ವಕ್ಕೆ. ಆದರೆ ಮೊದಲ ದಿನ ನಾವು ನಡೆದದ್ದು ಪಶ್ಚಿಮಕ್ಕೆ, ಶಹಾಪುರದ ಕಡೆ. ಚರಬಸವೇಶ್ವರನ ಗದ್ದುಗೆಗೆ ಕೈಮುಗಿಯದೆ ಹೊರಡುವುದುಂಟೇ? ಹಾಗಾಗಿ ಮೊದಲ ದಿನದ ಕೊನೆಗೆ ನಾವು ಮನೆಯಲ್ಲಿ ಮಲಗಿದ್ದರೆ ಇರುತ್ತಿದ್ದುದಕ್ಕಿಂತ ಶ್ರೀಶೈಲದಿಂದ ಹೆಚ್ಚು ದೂರ ಇದ್ದೆವು. ಮಾಸ್ತರ್ ಅದನ್ನು ನೋಟ್‌ಬುಕ್ಕಿನಲ್ಲಿ ಹೇಗೆ ಬರೆಯುವುದೆಂದು ಬಹಳ ಹೊತ್ತು ಯೋಚಿಸಿದರು.

ಶಹಾಪುರ ದಾಟಿ ಭೀಮರಾಯನಗುಡಿಯ ಕಡೆ ಹೊರಳಿದರೆ ಬೆಟ್ಟಗಳ ಸಾಲು ಒಬ್ಬ ಮನುಷ್ಯ ಅಂಗಾತ ಮಲಗಿದಂತೆ ಕಾಣುತ್ತದೆ. ಹಣೆ, ಮೂಗು, ತುಟಿ, ಗಲ್ಲ, ಎದೆ ಎಲ್ಲ ಬರೀ ಬಂಡೆಗಲ್ಲು. ಮಲಗಿದ ಬುದ್ಧ ಎಂದೇ ಹೆಸರು. ನೋಡಲು ದೂರದಿಂದ ಜನ ಬರುತ್ತಾರೆ. ನಾವು ಹುಟ್ಟಿದಾಗಿನಿಂದ ನೋಡುತ್ತಿರುವುದರಿಂದ ನೋಡಿಯೇ ಇರಲಿಲ್ಲ. ಅಂದು ಕೂತು ನೋಡಿದೆವು. “ನಮ್ಮ ಸಂಘಕ್ಕ ಇವನೇ ಅಧ್ಯಕ್ಷ ಆಗಬೇಕು” ಅಂದ ಟೇಲರ್. ಅಲ್ಲೇ ಹತ್ತಿರದ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದವರು ಬಯಲಲ್ಲಿ ಸಾಲುಸಾಲಾಗಿ ಗುಂಡು ನಿಲ್ಲಿಸಿಟ್ಟಿದ್ದಾರೆ. ಸುರಪುರದಲ್ಲಿ ಇಂಗ್ಲಿಷರ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ 19ನೇ ಶತಮಾನದಲ್ಲೇ ಅವುಗಳ ಬಗ್ಗೆ ಬರೆದಿದ್ದಾನೆ. (ನಮ್ಮ ಟೇಲರ್‌ಗೆ ಈ ಹೆಸರಿನ ಬಗ್ಗೆ ವಿಶೇಷ ಅಭಿಮಾನ. ಕಸುಬಿನವನೊಬ್ಬ ಅಷ್ಟು ಮೇಲೆ ಬಂದನಲ್ಲ ಎಂದು.) ಸರಿಸಮ ಅಂತರದಲ್ಲಿ ನಿಂತ ಆ ಕಲ್ಲುಗಳನ್ನು ನೋಡಿದರೆ ಯಾವುದೋ ಕಾಲದ ಪಾದಯಾತ್ರೆಯೊಂದು ಇಲ್ಲಿಗೆ ಬಂದು, ಯಾರದೋ ಕಾಲು ನೋಯುತ್ತದೆಂದು ನಿಂತು, ಹಾಗೇ ಉಳಿದುಬಿಟ್ಟಿತೋ ಎನ್ನಿಸುತ್ತದೆ. ಕಾಯಿದೆ ಕಟ್ಟುನಿಟ್ಟಾಗಿ ಪಾಲಿಸಿದವರು.

ಎಲ್ಲರ ಲೆಕ್ಕ ತಪ್ಪಿದ್ದು ಎರಡನೆಯ ದಿನ ಹತ್ತಿಗೂಡೂರಿನ ಹತ್ತಿರ. ಮಾಸ್ತರ್ ಕುಂಟತೊಡಗಿದರು. ಪಾದಯಾತ್ರೆಗೆಂದೇ ಹೊಸ ಬೂಟು ಕೊಂಡಿದ್ದರು, ಬೆಳ್ಳಗೆ, ಹಿಮ್ಮಡಿಯಲ್ಲಿ ಸ್ಪ್ರಿಂಗು ಇದೆಯೆಂದು ಅಂಗಡಿಯವ ಹೇಳಿದ್ದನಂತೆ. ಬಿಚ್ಚಿ ನೋಡಿದರೆ ಎರಡೂ ಹಿಮ್ಮಡಿಗೆ, ಹೆಬ್ಬೆರಳಿನ ಬುಡಕ್ಕೆ, ನೇರಳೆ ಹಣ್ಣಿನ ಗಾತ್ರದ ಬೊಬ್ಬೆ. ಒಳಗೆ ನೀರು ಆಡುತ್ತಿತ್ತು. ಸಾಹುಕಾರ ತನ್ನ ಹಳೇ ಚಪ್ಪಲಿಯಲ್ಲಿ ಬಾತುಕೋಳಿಯಂತೆ ನಡೆದು ಬಂದವ ಬಗ್ಗಿ ನೋಡಿ, “ಮಾಸ್ತರ್ರೇ, ಪಟ್ಟ ನಿಮಗೇ ಒಲೀತು” ಅಂದ. ಅವನ ದನಿಯಲ್ಲಿ ಸ್ವಲ್ಪ ನಿರಾಸೆಯೂ ಇತ್ತು.

ಬೊಬ್ಬೆಗೆ ಪಾದಯಾತ್ರಿಗಳ ಔಷಧ ಎಂದರೆ ಸೂಜಿದಾರ. ಟೇಲರ್ ಗಂಟಿನಿಂದ ತನ್ನ ಡಬ್ಬಿ ತೆಗೆದ. ಸೂಜಿಯ ಮೊನೆಯನ್ನು ಕಡ್ಡಿಯ ಉರಿಗೆ ಹಿಡಿದ, ಕಪ್ಪಾಗುವ ತನಕ. ಟಾವೆಲ್ಲಿನ ಅಂಚಿಗೆ ಒರೆಸಿದ. ಬಿಳಿ ದಾರ ಪೋಣಿಸಿ, ಅಭ್ಯಾಸ ನೋಡಿ, ತುದಿಗೆ ಗಂಟು ಹಾಕಹೋಗಿ ನಕ್ಕು ಬಿಟ್ಟ. ಆಮೇಲೆ ಮಾಸ್ತರ್ರ ಹಿಮ್ಮಡಿಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಕನ್ನಡಕವನ್ನು ಮೂಗಿನ ತುದಿಗೆ ಸರಿಸಿ, ಬೊಬ್ಬೆಯ ಒಂದು ಅಂಚಿನಿಂದ ಸೂಜಿ ತೂರಿಸಿ ಇನ್ನೊಂದು ಅಂಚಿನಿಂದ ಎಳೆದ. ಮಾಸ್ತರ್ ಕಣ್ಣು ಮುಚ್ಚಿದ್ದರು. ನೋವಿಲ್ಲವಂತೆ, ನೋಡುವವರಿಗೇ ಕಷ್ಟ. ದಾರವನ್ನು ಎರಡೂ ಕಡೆ ಒಂದೊಂದು ಅಂಗುಲ ಬಿಟ್ಟು ಕತ್ತರಿಸಿದ. ದಾರದ ಗುಂಟ ನೀರು ಹನಿಹನಿಯಾಗಿ ಹೊರಗೆ ಬರತೊಡಗಿತು.

“ಏನ್ ಮಾಡ್ಲತ್ತೀಯೋ, ಕಾಜ ಹೊಲೀಲತ್ತೀಯೇನು?” ಕಣ್ಣು ಮುಚ್ಚಿಕೊಂಡೇ ಮಾಸ್ತರ್ ಕೇಳಿದರು.

“ಇಲ್ರೀ, ಕಚ್ಚಾ ಹೊಲಿಗಿ ಅಷ್ಟೇ. ಅಳತಿ ನೋಡಿ ಆಮ್ಯಾಗ ಪಕ್ಕಾ ಹಾಕೋಣು.”

ಮುಂದೆ ಒಂದು ದಾಸೋಹದ ಟೆಂಟಿನಲ್ಲಿ ಔಷಧ ಕೊಡುತ್ತಿದ್ದ ನರ್ಸಮ್ಮ ಒಬ್ಬರು ಈ ದಾರ ನೋಡಿ ಹೌಹಾರಿ, ಕೀವಾದರೆ ಯಾರು ಜವಾಬ್ದಾರಿ ಎಂದು ಬೈದು, ದಾರ ಕಿತ್ತು, ಔಷಧ ಹಚ್ಚಿ ಪಟ್ಟಿ ಕಟ್ಟಿದರು. ಅವರು ಹೇಳಿದ್ದೇ ಸರಿ. ಆದರೆ ಟೇಲರ್ ಮೂರು ದಿನ ಮುಖ ಊದಿಸಿಕೊಂಡಿದ್ದ. ತನ್ನ ಹೊಲಿಗೆ ಬಿಚ್ಚಿದವರು ಅವನ ಆಯುಷ್ಯದಲ್ಲಿ ಅವರೊಬ್ಬರೇ.

ಬೂಟುಗಳನ್ನು ಲಾಡಿಯಿಂದ ಜೋಡಿಸಿ ಕೊರಳಿಗೆ ಹಾಕಿಕೊಂಡು, ರಬ್ಬರ್ ಚಪ್ಪಲಿಯಲ್ಲಿ ಮಾಸ್ತರ್ ಮುಂದೆ ನಡೆದರು. ನಾವು ಹಿಂದೆ. ನೋಟ್‌ಬುಕ್ಕು ಗಂಟಿನ ತಳಕ್ಕೆ ಹೋಯಿತು.

ಮೂರನೆಯ ದಿನ ನಸುಕಿನಲ್ಲಿ ಕೊಳ್ಳೂರು ಸೇತುವೆ. ಕೆಳಗೆ ಕೃಷ್ಣೆ. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟರೆ ಈ ಸೇತುವೆಯೇ ಮುಳುಗಿ, ಅತ್ತ ದೇವದುರ್ಗ ಇತ್ತ ಶಹಾಪುರ ಒಂದನ್ನೊಂದು ನೋಡಿಕೊಂಡು ಕೂಡಬೇಕಾಗುತ್ತದೆ. ಮಾರ್ಚಿನಲ್ಲಿ ಮಾತ್ರ ಬಂಡೆಗಳ ನಡುವೆ ಹಾದಿ ಕೇಳಿಕೊಂಡು ಹೋಗುವ ಸಣ್ಣ ನೀರು. ಇಳಿದು ಮುಖ ತೊಳೆದೆವು. ಸಾಹುಕಾರ ಒಂದು ಬೊಗಸೆ ನೀರು ಎತ್ತಿ ಬಿಟ್ಟು, “ಈ ನೀರು ಎಲ್ಲಿಗಿ ಹೋಗತದ್ರೀ?” ಎಂದು ಕೇಳಿದ.

“ಶ್ರೀಶೈಲಕ್ಕೇ. ಪಾತಾಳಗಂಗಾ ಅಂದ್ರ ಇದೇ ಕೃಷ್ಣಾ” ಅಂದರು ಮಾಸ್ತರ್.

ನಮ್ಮ ಊರು ಎರಡು ನದಿಗಳ ನಡುವೆ ಇದೆ. ಆಚೆ ಯಾದಗಿರಿಯ ಮಗ್ಗುಲಿಗೆ ಭೀಮಾ, ಈಚೆ ಕೃಷ್ಣಾ. ಮುಂದೆ ರಾಯಚೂರು ಮುಟ್ಟುವ ಮೊದಲೇ ಭೀಮಾ ಕೃಷ್ಣೆಯನ್ನು ಸೇರುತ್ತದೆ, ಅಲಂಪುರದ ಹತ್ತಿರ ತುಂಗಭದ್ರಾ ಬಂದು ಕೂಡಿಕೊಳ್ಳುತ್ತದೆ, ಮೂವರೂ ಸೇರಿ ನಲ್ಲಮಲೆಯ ಬೆಟ್ಟ ಸೀಳಿಕೊಂಡು ಮಲ್ಲಯ್ಯನ ಪಾದದ ಬುಡಕ್ಕೆ ಹೋಗುತ್ತಾರೆ. ಇಷ್ಟು ವರ್ಷ ಭೂಗೋಳ ಪಾಠ ಮಾಡಿದ ಮಾಸ್ತರ್ರಿಗೂ ಅವತ್ತೇ ಹೊಳೆದದ್ದು: ನಮ್ಮೂರಿನ ಮೇಲೆ ಬಿದ್ದ ಮಳೆ ಎಲ್ಲಾ ಪಾದಯಾತ್ರೆಗೆ ಹೊರಟದ್ದೇ.

ಸಾಹುಕಾರ ಪಂಥ ಕಟ್ಟಿದ. ತಾನು ಈಗ ಬಿಟ್ಟ ಬೊಗಸೆ ನೀರು ನಮಗಿಂತ ಮೊದಲು ಶ್ರೀಶೈಲ ಮುಟ್ಟುತ್ತದೆ. ಇಲ್ಲದಿದ್ದರೆ ನಾಲ್ವರಿಗೂ ಅವನದೇ ಊಟ. ಮಾಸ್ತರ್ ನಡುವೆ ಜುರಾಲಾ ಅಣೆಕಟ್ಟು ಇದೆ, ಬೇಸಿಗೆಯಲ್ಲಿ ಗೇಟು ತೆರೆಯುವುದಿಲ್ಲ, ನೀರು ಅಲ್ಲೇ ಕೂಡಬೇಕು ಎಂದು ವಿವರಿಸಿದರು. ಸಾಹುಕಾರ ಯೋಚಿಸಿ, “ನಮ್ಮಂಗೇ ಅದ ಅಂದ್ರ” ಅಂದ.

ಕೃಷ್ಣೆ ದಾಟಿದ ಮೇಲೆ ಮುಖ ಪೂರ್ವಕ್ಕೆ. ಹುಣ್ಣಿಮೆ ಕಳೆದು ನಾಲ್ಕು ದಿನವಾಗಿದ್ದ ಚಂದ್ರ ಬೆನ್ನ ಹಿಂದಿದ್ದ. ನಮ್ಮ ನೆರಳುಗಳು ಉದ್ದಕ್ಕೆ ಮುಂದೆ ಬಿದ್ದು, ಕಾಯಿದೆ ಮುರಿದು ಮಾಸ್ತರ್ರನ್ನು ದಾಟಿ ಹೋಗುತ್ತಿದ್ದವು. ನೆರಳಷ್ಟೇ ಅಲ್ಲ, ಎಲ್ಲರೂ ದಾಟಿದರು. ಬಾಗಲಕೋಟೆ, ವಿಜಯಪುರ ಕಡೆಯ ಗುಂಪುಗಳು ದಾಟಿದವು. ಬಣ್ಣದ ಬಟ್ಟೆ ಸುತ್ತಿ ಗೆಜ್ಜೆ ಕಟ್ಟಿದ ಕಂಬಿ ಹೆಗಲ ಮೇಲೆ ಹೊತ್ತವರು ಜಣಜಣ ಎನ್ನಿಸುತ್ತ ದಾಟಿದರು. ಮರಗಾಲು ಕಟ್ಟಿಕೊಂಡು ನಡೆಯುವ ಹರಕೆಯವನೊಬ್ಬ, ಆಳೆತ್ತರದ ಮೇಲಿನಿಂದ ನಮ್ಮ ತಲೆಗಳನ್ನು ನೋಡುತ್ತ, ಟಕ್ ಟಕ್ ಎಂದು ದಾಟಿದ. ಗಬ್ಬೂರಿನ ಹತ್ತಿರ ಜೊತೆಯಾದ ಒಂದು ನಾಯಿ ಅರ್ಧ ದಿನ ನಮ್ಮೊಂದಿಗೆ ನಡೆದು, ನಮ್ಮ ನಡಿಗೆ ತಾಳಲಾರದೆ ಬೇರೆ ಗುಂಪು ಸೇರಿಕೊಂಡಿತು.

ದಿನಾ ದಾಟಿದವಳು ಒಬ್ಬ ಆಯಿ. ಎಪ್ಪತ್ತರ ಆಚೆಗಿನ ವಯಸ್ಸು, ಬರಿಗಾಲು, ತಲೆಯ ಮೇಲೆ ಗಂಟು. ದಿನಾ ಹೇಗೆ ದಾಟಲು ಸಾಧ್ಯ ಎಂದರೆ, ಮಧ್ಯಾಹ್ನದ ಬಿಸಿಲಿಗೆ ಎಲ್ಲರೂ ಟೆಂಟಿನಲ್ಲಿ ಒರಗುತ್ತಾರೆ, ನಾವು ಆಗ ತೂಗಾಡಿಕೊಂಡು ಬಂದು ಮುಟ್ಟುತ್ತೇವೆ, ಸಂಜೆ ಮತ್ತೆ ಹಿಂದುಳಿಯುತ್ತೇವೆ. ಗಂಟಿನಲ್ಲಿ ಏನಿದೆ ಎಂದು ಕೇಳಿದೆ. ಹಸಿರು ಸೀರೆ, ಕುಪ್ಪಸದ ಖಣ, ಬಳೆ, ಅರಿಷಿಣ, ಕುಂಕುಮ. ಉತ್ತರ ಕರ್ನಾಟಕದವರಿಗೆ ಶ್ರೀಶೈಲದ ಭ್ರಮರಾಂಬೆ ಮನೆಮಗಳು. ಮಲ್ಲಯ್ಯ ಅಳಿಯ. ಯುಗಾದಿಗೆ ನಾವು ಹೋಗುವುದು ದೇವರ ದರ್ಶನಕ್ಕಷ್ಟೇ ಅಲ್ಲ, ಕೊಟ್ಟ ಮಗಳಿಗೆ ಹಬ್ಬದ ಉಡುಗೊರೆ ಮುಟ್ಟಿಸಲಿಕ್ಕೆ.

“ಮಗಳ ಮನಿಗಿ ಹೊಂಟವ್ರು ಹಿಂಗ ನಡೀತಾರೇನೋ ಯಪ್ಪಾ? ಆಕಿ ಹಾದಿ ನೋಡ್ಲತ್ತಿರತಾಳ” ಅಂದಳು ಆಯಿ.

“ಅಳಿಯನ ಮನಿಗಿ ಬೀಗರು ಓಡಿಕೋತ ಹೋದ್ರ ಕಿಮ್ಮತ್ತು ಇರಂಗಿಲ್ಲವ್ವಾ” ಅಂದರು ಮಾಸ್ತರ್. ಆಯಿ ನಗಲಿಲ್ಲ. ಅವರ ಕೊರಳಲ್ಲಿ ನೇತಾಡುತ್ತಿದ್ದ ಬೂಟು ನೋಡಿ, ಯಾರಿಗೆ ಒಯ್ಯುತ್ತಿದ್ದೀರಿ ಎಂದು ಕೇಳಿ ಮುಂದೆ ಹೋದಳು.

ರಾಯಚೂರಿನಿಂದ ತುಂಗಭದ್ರೆ ದಾಟಿ ಕರ್ನೂಲು, ಕರ್ನೂಲಿನಿಂದ ಆತ್ಮಕೂರು. ಇಷ್ಟನ್ನು ನಡೆಯಲು ಏಳೆಂಟು ದಿನ ಹಿಡಿದರೂ ಬರೆಯಲು ಎರಡು ಸಾಲು ಸಾಕು, ಏಕೆಂದರೆ ಅದು ಡಾಂಬರು. ಲಾರಿ, ಧೂಳು, ಬಿಸಿಲು. ನಡುನಡುವೆ ಟೆಂಟು ಹಾಕಿದ ದಾಸೋಹದವರು ರಸ್ತೆಗೇ ಬಂದು ಅಡ್ಡ ನಿಂತು “ಬರ್ರಿ ಮಲ್ಲಯ್ಯ, ಉಂಡು ಹೋಗ್ರಿ ಮಲ್ಲಯ್ಯ” ಎಂದು ಕೈ ಹಿಡಿದು ಎಳೆಯುತ್ತಾರೆ. ಆ ದಾರಿಯಲ್ಲಿ ಎಲ್ಲರೂ ಮಲ್ಲಯ್ಯ. ಒಂದು ಕಡೆ ಮಜ್ಜಿಗೆ, ಒಂದು ಕಡೆ ಮಿರ್ಚಿ, ಒಂದು ಕಡೆ ಗೋದಿ ಹುಗ್ಗಿ, ಒಂದು ಕಡೆ ಹುಡುಗರು ಕಾಲಿಗೆ ಎಣ್ಣೆ ಹಚ್ಚಿ ತಿಕ್ಕುತ್ತಾರೆ. ಅಪ್ಪನ ಕಾಲನ್ನು ಒಮ್ಮೆಯಾದರೂ ಒತ್ತಿರಲಿಕ್ಕಿಲ್ಲ ಆ ಹುಡುಗರು. ಗುರುತಿಲ್ಲದವನ ಹೊಲಸು ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಒತ್ತುತ್ತಾರೆ. ಸಾಹುಕಾರ ಯಾವ ಟೆಂಟನ್ನೂ ಅವಮಾನ ಮಾಡಲಿಲ್ಲ. ಮುನ್ನೂರು ಕಿಲೋಮೀಟರಿನ ಆಸುಪಾಸು ನಡೆದೂ ತೂಕ ಹೆಚ್ಚಿಸಿಕೊಂಡ ಪಾದಯಾತ್ರಿ ಅವನೊಬ್ಬನೇ ಇರಬೇಕು.

ಅಂಥದೊಂದು ಟೆಂಟಿನಲ್ಲಿ ಮಧ್ಯಾಹ್ನ ಮಲಗಿ ಮಾಸ್ತರ್ ಅಮೆರಿಕದ ಕತೆ ಹೇಳಿದರು. ಅವರ ಅಳಿಯ ಅಲ್ಲಿದ್ದಾನೆ. ಅಲ್ಲಿ ಅಪಲಾಚಿಯನ್ ಎಂಬ ಬೆಟ್ಟಸಾಲಿನ ಗುಂಟ ಮೂರು ಸಾವಿರ ಕಿಲೋಮೀಟರಿಗೂ ಉದ್ದದ ಕಾಲುದಾರಿ ಇದೆ. ಎಮ್ಮಾ ಗೇಟ್‌ವುಡ್ ಎಂಬಾಕೆ, ಹನ್ನೊಂದು ಮಕ್ಕಳ ತಾಯಿ, 1955ರಲ್ಲಿ ತನ್ನ 67ನೇ ವಯಸ್ಸಿನಲ್ಲಿ, ಕ್ಯಾನ್ವಾಸ್ ಬೂಟು ಹಾಕಿ, ತಾನೇ ಹೊಲಿದ ಚೀಲ ಹೆಗಲಿಗೇರಿಸಿ, ಒಬ್ಬಳೇ ಅದನ್ನು ಈ ತುದಿಯಿಂದ ಆ ತುದಿಗೆ ನಡೆದಳು. ಅಜ್ಜಿ ಗೇಟ್‌ವುಡ್ ಎಂದೇ ಹೆಸರಾದಳು.

“ಚೀಲ ತಾನೇ ಹೊಲಿದಿದ್ಲು?” ಟೇಲರ್ ಎದ್ದು ಕೂತ.

“ಹಾದಿಗುಂಟ ದಾಸೋಹ ಇತ್ತೇನ್ರೀ?” ಸಾಹುಕಾರ ಕೇಳಿದ.

“ಎಲ್ಲಿ ದಾಸೋಹ. ಗುಡ್ಡಗಾಡು ಅದು.”

“ತುದಿಗಿ ಗುಡಿ?”

“ಗುಡಿನೂ ಇಲ್ಲ. ಬರೀ ಒಂದು ಬೆಟ್ಟ.”

ಸಾಹುಕಾರ ಬಹಳ ಹೊತ್ತು ಟೆಂಟಿನ ಬಟ್ಟೆ ನೋಡುತ್ತ ಮಲಗಿದ್ದ. “ಹಂಗಾದ್ರ ಮನ್ಯಾಗ ಏನೋ ತ್ರಾಸು ಇದ್ದಿರಬೇಕು ಆಕಿಗಿ” ಅಂದ. ಊರಿಗೆ ಬಂದ ಮೇಲೆ ಮಾಸ್ತರ್ ಅಳಿಯನನ್ನು ಕೇಳಿದರೆ ಅದೂ ನಿಜವೇ ಅಂತೆ, ಹೊಡೆಯುವ ಗಂಡನಂತೆ. ಕಿರಾಣಿ ಅಂಗಡಿಯಲ್ಲಿ ಕೂತವರಿಗೆ ಯಾರ ಮನೆಯಲ್ಲಿ ಏನು ಎಂಬುದು ಬೇರೆ ದಾರಿಯಿಂದ ತಿಳಿಯುತ್ತದೆ.

ಅಷ್ಟರಲ್ಲಿ ಚಂದ್ರನೂ ನಮ್ಮ ಗುಂಪಿಗೆ ಸೇರಿದ್ದ. ಹುಣ್ಣಿಮೆಯಿಂದ ಈಚೆಗೆ ದಿನಾ ಮುಕ್ಕಾಲು ತಾಸು ತಡವಾಗಿ ಏಳುವುದು, ದಿನಾ ಒಂದಿಷ್ಟು ಸೊರಗುವುದು. ಕರ್ನೂಲು ಬಿಟ್ಟ ಮೇಲೆ ನಾವು ಮೂರಕ್ಕೆ ಎದ್ದು ಹೊರಟರೆ ಅವನು ಆಮೇಲೆ ಎದುರಿಗೆ, ಪೂರ್ವದಲ್ಲಿ, ಕುಡುಗೋಲಿನಂತೆ ಏಳುತ್ತಿದ್ದ. ನಮಗಿಂತ ಸೋಮಾರಿಯೊಬ್ಬ ಆಕಾಶದಲ್ಲಿದ್ದಾನೆ ಎಂಬುದು ದೊಡ್ಡ ಸಮಾಧಾನ.

ವೆಂಕಟಾಪುರದಿಂದ ಅಡವಿ. ಅಲ್ಲಿಂದ ನಾಗಲೂಟಿ, ಪೆಚ್ಚೆರುವು, ಭೀಮನ ಕೊಳ್ಳ, ಕೈಲಾಸ ಬಾಗಿಲು, ಆಮೇಲೆ ಶ್ರೀಶೈಲ: 40 ಕಿಲೋಮೀಟರಿಗೂ ಮೇಲೆ ನಲ್ಲಮಲೆಯ ಕಾಲುದಾರಿ. ನಾಗಾರ್ಜುನಸಾಗರ–ಶ್ರೀಶೈಲ ಹುಲಿ ಮೀಸಲು ಪ್ರದೇಶ ಇದೇ. ಇಲ್ಲಿ ಡಾಂಬರು ಮುಗಿದು ಕಲ್ಲು ಶುರು. ಒಣಗಿದ ಎಲೆ ಕಾಲಡಿ ಹಪ್ಪಳದಂತೆ ಮುರಿಯುತ್ತದೆ. ಗಿಡಗಳೆಲ್ಲ ಬೋಳಾಗಿ, ನೆರಳು ಬರೀ ಗೆರೆಗಳಾಗಿ ಬೀಳುತ್ತದೆ. ಹನ್ನೊಂದು ದಿನ ರಸ್ತೆಯ ಮೇಲೆ ಚದುರಿ ಹೋಗಿದ್ದ ಜನವೆಲ್ಲ ಇಲ್ಲಿ ಒಂದೇ ಸಾಲಾಗುತ್ತಾರೆ, ದಾರಿ ಅಗಲವಿಲ್ಲ. ಮುಂದಿನವ ನಿಂತರೆ ಹಿಂದಿನ ಸಾವಿರ ಜನ ನಿಲ್ಲಬೇಕು. ನಮ್ಮ ಕಾಯಿದೆ ಎಲ್ಲರಿಗೂ ಅನ್ವಯವಾಯಿತು.

ಈ ಅಡವಿ ಚೆಂಚುಗಳದು. ಪೆಚ್ಚೆರುವಿನಲ್ಲಿ ಅವರ ಗುಡಿಸಲುಗಳಿವೆ. ಚೆಂಚುಗಳಿಗೂ ದೇವರು ಚೆಂಚು ಮಲ್ಲಯ್ಯ, ಬೇಟೆಗೆ ಬಂದು ತಮ್ಮ ಹೆಣ್ಣನ್ನು ಮೆಚ್ಚಿ ಮದುವೆಯಾದವನು, ತಮ್ಮ ಮನೆಯ ಅಳಿಯ. ನಾವು ಮುನ್ನೂರು ಕಿಲೋಮೀಟರು ಸೀರೆ ಹೊತ್ತು ತಂದರೆ ಇವರು ಹಿತ್ತಲಲ್ಲೇ ಕೂತು ಬೀಗತನ ಹೇಳುತ್ತಾರೆ. ಒಬ್ಬ ಅಳಿಯ, ಎರಡು ಮಾವನ ಮನೆ. ಮಲ್ಲಯ್ಯ ಅಷ್ಟೆತ್ತರದ ಬೆಟ್ಟದ ಮೇಲೆ ಮನೆ ಮಾಡಿದ್ದು ಯಾಕೆಂದು ಈಗ ತಿಳಿಯಿತು ಎಂದ ಟೇಲರ್, ಅವನಿಗೂ ಅತ್ತೆ ಮನೆ ಊರಲ್ಲೇ ಇದೆ.

ಭೀಮನ ಕೊಳ್ಳದ ಬಗ್ಗೆ ಎಲ್ಲರೂ ಹೆದರಿಸಿದ್ದರು. ನಡೆದು ಬಂದವರೆಲ್ಲ ಹೇಳುವುದು ಅದೊಂದನ್ನೇ. ಬೆಟ್ಟ ಥಟ್ಟನೆ ಬಾಯಿ ತೆರೆದು ಆಳವಾದ ಕಣಿವೆಯಾಗುತ್ತದೆ. ಕಲ್ಲು ಮೆಟ್ಟಿಲ ಗುಂಟ ತಳದವರೆಗೂ ಇಳಿದು, ಅಷ್ಟನ್ನೂ ಆಚೆ ಕಡೆ ಹತ್ತಬೇಕು. ಆ ತುದಿಯಲ್ಲೇ ಕೈಲಾಸ ಬಾಗಿಲು. ಭೀಮ ಗದೆಯಿಂದ ಗುದ್ದಿ ಇಲ್ಲಿ ನೀರು ತೆಗೆದ ಎನ್ನುತ್ತಾರೆ ಜನ. 14ನೇ ಶತಮಾನದಲ್ಲಿ ರೆಡ್ಡಿ ಅರಸ ಪ್ರೋಲಯ ವೇಮಾರೆಡ್ಡಿ ಶ್ರೀಶೈಲಕ್ಕೆ ಮೆಟ್ಟಿಲು ಕಟ್ಟಿಸಿದನೆಂದು ಇತಿಹಾಸದವರು ಹೇಳುತ್ತಾರೆ. ಯಾರೇ ಕಟ್ಟಿಸಿರಲಿ, ಎರಡು ಮೆಟ್ಟಿಲು ಒಂದೇ ಅಳತೆಯವಿಲ್ಲ. ಒಂದು ಗೇಣು, ಒಂದು ಮೊಣಕಾಲೆತ್ತರ. ಕಾಲಿಗೆ ಅಭ್ಯಾಸವಾಗಲು ಬಿಡದ ಮೆಟ್ಟಿಲುಗಳು ಅವು. ನಡುವೆ ಲಕ್ಷಾಂತರ ಅಂಗಾಲು ಸವೆಸಿ ನುಣುಪು ಮಾಡಿದ ತಗ್ಗು, ಅದರಲ್ಲಿ ಬೆವರು, ಚೆಲ್ಲಿದ ನೀರು, ಉದುರಿದ ಭಂಡಾರ.

ಇಳಿಯುವ ತಲೆಗೆ ಒಬ್ಬ ಸ್ವಯಂಸೇವಕ ಹುಡುಗ ಕೋಲು ಹಿಡಿದು ನಿಂತಿದ್ದ. ಸಾಹುಕಾರನನ್ನು ನೋಡಿದವನೇ, “ಸಾವಕಾಶ ಮಲ್ಲಯ್ಯ, ಸಾವಕಾಶ!” ಎಂದು ಕೂಗಿದ. ಸಾಹುಕಾರ ನಿಂತುಬಿಟ್ಟ. ಹನ್ನೆರಡು ದಿನ ಹೆಂಡತಿ ಫೋನಿನಲ್ಲಿ, ದಾಸೋಹದವರು, ಲಾರಿಯವರು, ಆಯಿ, ಎಲ್ಲರೂ ಲಗೂ ನಡೀರಿ ಅಂದವರೇ. ಸಾವಕಾಶ ಅಂದವನು ಇವನೇ ಮೊದಲು. ಸಾಹುಕಾರ ಹುಡುಗನ ಎರಡೂ ಕೈ ಹಿಡಿದು, ಕಣ್ಣಲ್ಲಿ ನೀರು ತಂದುಕೊಂಡು, “ನಿಮ್ಮೂರು ಯಾವುದಪ್ಪಾ?” ಎಂದು ವಿಚಾರಿಸತೊಡಗಿದ. ಹಿಂದಿನ ಸಾವಿರ ಜನ ಕೂಗಾಡಿದ ಮೇಲೆ ಬಿಟ್ಟ.

ಇಳಿಯುವಾಗ ಮೊಣಕಾಲು, ಹತ್ತುವಾಗ ಎದೆ. ತಳದಲ್ಲಿ ತಲೆಗೆ ನೀರು ಹಾಕಿಕೊಂಡು ಆಚೆ ಏರು ಹಿಡಿದ ಹತ್ತು ನಿಮಿಷಕ್ಕೆ ಸಾಹುಕಾರನ ಮುಖ ಕುಂಕುಮವಾಯಿತು. ಮಾಸ್ತರ್ರ ಬೊಬ್ಬೆಗಳು ಅಷ್ಟೊತ್ತಿಗೆ ಒಣಗಿ ಗಟ್ಟಿಯಾಗಿದ್ದವು. ಮುಖಂಡತ್ವ ಅಲ್ಲೇ ಒಂದು ಮೆಟ್ಟಿಲ ಮೇಲೆ ಶಾಂತಿಯುತವಾಗಿ ಬದಲಾಯಿತು. ಇಪ್ಪತ್ತು ಮೆಟ್ಟಿಲು, ಕೂಡು. ಹದಿನೈದು, ಕೂಡು. ಮಾಸ್ತರ್ ಲೆಕ್ಕ ಇಡುತ್ತಿದ್ದರು, ಪ್ರತಿ ಸಲ ಕೂತಾಗ ಸಾಹುಕಾರ “ಎಷ್ಟಾದ್ವು?” ಎಂದು ಕೇಳಿ, ಮೇಲೆ ಎಷ್ಟಿವೆ ಎಂದು ಕೇಳಿ, ಉತ್ತರ ಹೇಳುವುದರಲ್ಲಿ ಮಾಸ್ತರ್ರಿಗೆ ಲೆಕ್ಕ ತಪ್ಪಿ, ಆ ಮೆಟ್ಟಿಲುಗಳ ಸಂಖ್ಯೆ ನಮಗೆ ತಿಳಿಯದೇ ಹೋಯಿತು.

ಹಾಗೆ ಕೂತಾಗ ಮೇಲಿನಿಂದ ಆಯಿ ಇಳಿದು ಬರುತ್ತಿದ್ದಳು.

ಹತ್ತುವವರ ಸಾಲಿಗೆ ಎದುರಾಗಿ, ಗೋಡೆಗುಂಟ ಕೈ ಆಡಿಸುತ್ತ, ಒಬ್ಬಳೇ. ತಲೆಯ ಮೇಲೆ ಗಂಟಿರಲಿಲ್ಲ. ನಮ್ಮನ್ನು ನೋಡಿ, “ಇನ್ನಾ ಇಲ್ಲೇ ಅದೀರಿ?” ಅಂದಳು.

“ನೀ ಯಾಕ ಕೆಳಗ ಹೊಂಟಿ ಆಯಿ?”

“ಮುಟ್ಟಿದ್ನೆಪ್ಪಾ. ಮ್ಯಾಗ ಬಾಗಲಿಗಿ ಕೈ ಹಚ್ಚಿ ತಿರುಗಿ ನೋಡ್ತೀನಿ, ನಮ್ಮ ನೆಗೆಣ್ಣಿ ಇಲ್ಲ. ಮೊದಲಿಂದ ಆಕಿ ನಡಗಿ ಹಿಂಗೇ. ಗಂಟು ಹುಡುಗ್ರ ಕೈಯಾಗ ಕೊಟ್ಟು ಬಂದೀನಿ. ನೋಡೀರೇನು, ಹಳದಿ ಸೀರಿ, ಜರಾ ಕಿವಿ ಮಂದ.”

ಹಳದಿ ಸೀರೆಯಾಕೆ ತಳದಲ್ಲಿ ನೀರಿನ ಹತ್ತಿರ ಕೂತಿದ್ದನ್ನು ಟೇಲರ್ ನೋಡಿದ್ದ. ಬಟ್ಟೆ ವಿಷಯದಲ್ಲಿ ಅವನ ಕಣ್ಣು ತಪ್ಪುವುದಿಲ್ಲ. “ನೀ ಇಲ್ಲೇ ಕೂಡು, ನಾ ಹೋಗಿ ಕರಕೊಂಡು ಬರ್ತೀನಿ” ಅಂದ. ಆಯಿ ಅವನ ಕಾಲನ್ನು ಒಮ್ಮೆ, ಮೆಟ್ಟಿಲನ್ನು ಒಮ್ಮೆ ನೋಡಿ, “ನೀ ಹೋಗಿ ಬರೋದ್ರಾಗ ಯುಗಾದಿ ಆಗ್ತದ” ಎಂದು ಇಳಿದೇ ಹೋದಳು. ನಾವು ಮತ್ತೆ ಹದಿನೈದು ಮೆಟ್ಟಿಲು ಹತ್ತಿ ಕೂತೆವು. ಯಾರೂ ಮಾತಾಡಲಿಲ್ಲ, ಸಾಹುಕಾರ ಕೂಡ ಎಷ್ಟಾದವೆಂದು ಕೇಳಲಿಲ್ಲ. ಕೈಲಾಸ ಬಾಗಿಲಿಗೆ ನಾಲ್ಕು ಮೆಟ್ಟಿಲಿರುವಾಗ ಹಸಿರು ಬಳೆಯ ಕೈಯೊಂದು ನನ್ನ ಹೆಗಲು ಸರಿಸಿತು. ಆಯಿ, ಹಿಂದೆ ಅವಳ ಸೆರಗು ಹಿಡಿದು ಹಳದಿ ಸೀರೆ. ದಾಟಿ ಹೋದರು.

ಶ್ರೀಶೈಲದಲ್ಲಿ ದರ್ಶನದ ಸಾಲು ಬಹಳ ತಾಸು, ದರ್ಶನ ಮೂರು ಉಸಿರು. ಅಲ್ಲಿ ನಿಧಾನಕ್ಕೆ ಅವಕಾಶವಿಲ್ಲ, ನೂಕುತ್ತಾರೆ. ಅದಕ್ಕಿಂತ ಗುಡಿಯ ಹೊರಗೋಡೆಯ ಸುತ್ತ ಅಡ್ಡಾಡಿದ್ದು ಚೆನ್ನಾಗಿತ್ತು. ಆ ಪ್ರಾಕಾರದ ತುಂಬ ಕಲ್ಲಿನಲ್ಲಿ ಆನೆ, ಕುದುರೆ, ಬೇಟೆ, ಮೆರವಣಿಗೆ. ನೂರಾರು ವರ್ಷಗಳಿಂದ ನಡೆಯುತ್ತಲೇ ಇದ್ದಾರೆ, ಒಬ್ಬರನ್ನೊಬ್ಬರು ದಾಟಿಲ್ಲ. ಪಾತಾಳಗಂಗೆಗೆ ಇಳಿದು ಜಳಕ ಮಾಡಿದೆವು. ಕೊಳ್ಳೂರಿನಲ್ಲಿ ಪಾದ ಮುಳುಗದ ಕೃಷ್ಣೆ ಇಲ್ಲಿ ಅಣೆಕಟ್ಟಿನ ಹಿಂದೆ ಹಸಿರುಗಟ್ಟಿ ಆಳವಾಗಿ ನಿಂತಿದ್ದಳು. ಸಾಹುಕಾರ ಒಂದು ಬೊಗಸೆ ಎತ್ತಿ ಕಣ್ಣ ಹತ್ತಿರ ತಂದು ನೋಡಿದ, ತನ್ನದು ಹೌದೋ ಅಲ್ಲವೋ ಎಂದು. ತೀರ್ಮಾನವಾಗಲಿಲ್ಲ. ಊಟವನ್ನು ದಾಸೋಹದಲ್ಲಿ ಮಾಡಿ, ಐದು ಲೀಟರಿನ ಕ್ಯಾನಿನಲ್ಲಿ ಗಂಗೆ ತುಂಬಿಕೊಂಡು, ಯುಗಾದಿ ಮುಗಿಸಿ ಸಂಜೆಯ ಬಸ್ಸು ಹತ್ತಿದೆವು.

ಬಸ್ಸು ಹತ್ತಿದ್ದಷ್ಟೇ ಗೊತ್ತು. ಕರ್ನೂಲು ಯಾವಾಗ ಬಂತು, ತುಂಗಭದ್ರಾ ಎಲ್ಲಿ ಹೋಯಿತು, ನರ್ಸಮ್ಮನ ಟೆಂಟು ಇದ್ದ ಜಾಗ ಯಾವುದು, ಒಂದೂ ತಿಳಿಯಲಿಲ್ಲ. ಎಚ್ಚರವಾದಾಗ ಕಿಟಕಿಯ ಹೊರಗೆ ನಸುಕು, ಗಾಲಿಯ ಸದ್ದು ಬದಲಾಗಿ ಟೊಳ್ಳಾಗಿತ್ತು. ಕೆಳಗೆ ಬಂಡೆಗಳ ನಡುವೆ ಸಣ್ಣ ನೀರು. ಸಾಹುಕಾರನ ಕಾಲುಗಳ ನಡುವೆ ಕ್ಯಾನಿನೊಳಗೆ ಅದೇ ನೀರು, ಇಳಿದು ಹೋದ ದಾರಿಯನ್ನು ಟಿಕೆಟ್ಟಿಲ್ಲದೆ ಹತ್ತಿ ವಾಪಸು ಬಂದು, ಬಸ್ಸು ಕುಲುಕಿದಾಗೊಮ್ಮೆ ಗುಳುಗುಳು ಅನ್ನುತ್ತಿತ್ತು. ಮಾಸ್ತರ್ ಬೂಟು ಕೊರಳಲ್ಲೇ ಇಟ್ಟುಕೊಂಡು ಮಲಗಿದ್ದರು. ಸಾಹುಕಾರ ಕಣ್ಣು ಬಿಟ್ಟ.

“ಎಲ್ಲಿಗಿ ಬಂದೀವಿ?”

“ಕೊಳ್ಳೂರು ಬ್ರಿಜ್.”

ಎದ್ದು ಕೂತು ಕಿಟಕಿಯಿಂದ ಹೊರಗೆ ನೋಡಿದ. ಹಿಂದಕ್ಕೆ ತಿರುಗಿ, ಬಂದ ದಾರಿಯನ್ನು ನೋಡಿದ. ಆಮೇಲೆ ಡ್ರೈವರನ ಬೆನ್ನನ್ನು ನೋಡಿ, ಬೈಯುವ ದನಿಯಲ್ಲಿ, “ಇಷ್ಟ್ ಲಗೂನ?” ಅಂದ.